ಖಾಲಿ ಪುಟದ ಪೂರ್ವಾಪರ

1623ರಲ್ಲಿ ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟವೊಂದು ಅಚ್ಚಾಯಿತು. ವಿದ್ವಾಂಸರು ಅದನ್ನು 'ಫಸ್ಟ್ ಫೋಲಿಯೊ' ಎನ್ನುತ್ತಾರೆ. ಅದರಲ್ಲಿ 'ಟೈಮನ್ ಆಫ್ ಅಥೆನ್ಸ್' ಮುಗಿಯುವ ಪುಟದ ಸಂಖ್ಯೆ 98. ಪಕ್ಕದ ಪುಟದಲ್ಲಿ ಆ ನಾಟಕದ ಪಾತ್ರಗಳ ಪಟ್ಟಿ ಇದೆ. ಸ್ವಲ್ಪವೇ ಜಾಗ ಬೇಡುವ ಪಟ್ಟಿಯನ್ನು ದಪ್ಪಕ್ಷರದಲ್ಲಿ ಎಳೆದು ಹಿಗ್ಗಿಸಿ ಇಡೀ ಪುಟಕ್ಕೆ ಹರಡಿದ್ದಾರೆ. ಅದರ ಬೆನ್ನಿನ ಪುಟ ಪೂರಾ ಖಾಲಿ. ಆಮೇಲೆ ಬರುವ 'ಜೂಲಿಯಸ್ ಸೀಸರ್' ಶುರುವಾಗುವುದು 109ನೇ ಪುಟದಿಂದ. ನಡುವಿನ ಪುಟಗಳನ್ನು ಯಾರೂ ಹರಿದುಕೊಂಡು ಹೋಗಿಲ್ಲ. ಅವು ಇರಲೇ ಇಲ್ಲ.

ನಡೆದದ್ದು ಇಷ್ಟು. ಆ ಜಾಗವನ್ನು ಮೊದಲು 'ಟ್ರಾಯ್ಲಸ್ ಅಂಡ್ ಕ್ರೆಸಿಡ'ಕ್ಕೆಂದು ಕಾದಿರಿಸಿದ್ದರು. 'ರೋಮಿಯೊ ಅಂಡ್ ಜೂಲಿಯೆಟ್' ಮುಗಿದ ಹಾಳೆಯ ಬೆನ್ನಿಗೇ ಅದರ ಮೊದಲ ಪುಟ ಅಚ್ಚೂ ಆಗಿತ್ತು. ಅಷ್ಟರಲ್ಲಿ ಕೆಲಸ ನಿಂತಿತು. ಪ್ರಕಟಣೆಯ ಹಕ್ಕಿನ ತಕರಾರು ಬಂದಿರಬೇಕು ಎಂಬುದು ಬಲ್ಲವರ ಊಹೆ. ತೆರವಾದ ಜಾಗಕ್ಕೆ ಅದಕ್ಕಿಂತ ಗಿಡ್ಡನೆಯ 'ಟೈಮನ್' ಬಂದು ಕೂತಿತು. ಗಿಡ್ಡದ್ದಾದ್ದರಿಂದ ಜಾಗ ಉಳಿಯಿತು. ಉಳಿದದ್ದನ್ನು ಪಾತ್ರಗಳ ಪಟ್ಟಿಯಿಂದ ತುಂಬಿಸಿ, ಇನ್ನೂ ಮಿಕ್ಕ ಒಂದು ಪುಟವನ್ನು ಹಾಗೇ ಬಿಟ್ಟರು. ಸಂಪುಟ ಮುಗಿಯುವ ಹೊತ್ತಿಗೆ ತಕರಾರು ಹೇಗೋ ಬಗೆಹರಿದು 'ಟ್ರಾಯ್ಲಸ್' ಮತ್ತೆ ಬಂತು. ಐತಿಹಾಸಿಕ ನಾಟಕಗಳಿಗೂ ದುರಂತ ನಾಟಕಗಳಿಗೂ ನಡುವೆ ಅದನ್ನು ತುರುಕಿದರು. ಅದರ ಪುಟಗಳಿಗೆ ಸಂಖ್ಯೆಯೇ ಇಲ್ಲ. ಒಂದೇ ಒಂದು ಹಾಳೆಯ ಎರಡು ಬದಿಗೆ ಮಾತ್ರ 79, 80 ಎಂದಿದೆ. ಹಳೆಯ ಪ್ರಯತ್ನದಲ್ಲಿ ಅಚ್ಚಾಗಿ ಉಳಿದಿದ್ದ ಹಾಳೆ ಅದು. ಪರಿವಿಡಿಯಲ್ಲಂತೂ ನಾಟಕದ ಹೆಸರೇ ಇಲ್ಲ.

ನಾನೂರು ವರ್ಷ ಹಳೆಯ ಆ ಖಾಲಿ ಪುಟಕ್ಕೂ, ಇವತ್ತು ವರ್ಡ್ ಫೈಲಿನ ಕೊನೆಯಲ್ಲಿ ಎಷ್ಟು ಸಲ ಡಿಲೀಟ್ ಒತ್ತಿದರೂ ಕದಲದೆ ಕೂತಿರುವ ಖಾಲಿ ಪುಟಕ್ಕೂ ಹತ್ತಿರದ ನೆಂಟಸ್ತನವಿದೆ. ಯಾವ ಖಾಲಿ ಪುಟವೂ ತಾನಾಗಿ ಹುಟ್ಟುವುದಿಲ್ಲ. ಅದರ ಹಿಂದೆ ಕಾಗದದ ಅಳತೆಯೋ, ಪುಸ್ತಕ ಕಟ್ಟುವವರ ರೂಢಿಯೋ, ಯಂತ್ರಕ್ಕೆ ಯಾರೋ ಕೊಟ್ಟ ಆಜ್ಞೆಯೋ ಇದ್ದೇ ಇರುತ್ತದೆ. ಹಿಂದೆ ಆ ಕಾರಣ ಅಚ್ಚುಕೂಟದಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಈಗ ಅದು ಪರದೆಯ ಹಿಂದೆ ಅಡಗಿದೆ, ಅಷ್ಟೇ ವ್ಯತ್ಯಾಸ.

ಓಲೆಗರಿಯ ಕಾಲದಲ್ಲಿ ಕನ್ನಡದ ಲಿಪಿಕಾರನಿಗೆ ಪುಟ ಎಲ್ಲಿ ಮುರಿಯಬೇಕೆಂಬ ಚಿಂತೆ ಇರಲಿಲ್ಲ. ಗರಿ ಎಷ್ಟು ಉದ್ದವಿದೆಯೋ ಅಷ್ಟು ಉದ್ದದ ಸಾಲು. ಅಗಲ ಎಷ್ಟಿದೆಯೋ ಅಷ್ಟು ಸಾಲುಗಳ ಸಂಖ್ಯೆ. ಕಂಟದಿಂದ ಕೊರೆದು ಮಸಿ ತಿಕ್ಕುತ್ತಿದ್ದ. ಪದ್ಯ ಮುಗಿಯಲಿ ಬಿಡಲಿ, ಪದದ ನಡುವೆಯೇ ತುಂಡಾಗಲಿ, ಗರಿ ಮುಗಿದಲ್ಲಿ ಇನ್ನೊಂದು ಗರಿ. ಸಂಖ್ಯೆ ಬರೆಯುತ್ತಿದ್ದುದು ಗರಿಗೊಂದರಂತೆ, ಬದಿಗೊಂದರಂತಲ್ಲ. ಆದರೂ ಅವನು ಬೇಕೆಂದೇ ಖಾಲಿ ಬಿಡುತ್ತಿದ್ದ ಜಾಗವೊಂದಿತ್ತು: ದಾರ ಪೋಣಿಸುವ ತೂತಿನ ಸುತ್ತಲ ಜಾಗ. ಕಟ್ಟು ಬಿಚ್ಚಿ ಕಟ್ಟುವಾಗ ದಾರ ಉಜ್ಜಿ ಅಕ್ಷರ ಅಳಿಸಿಹೋಗಬಾರದಲ್ಲ. ಇನ್ನು ವ್ಯಾಪಾರಿಗಳೂ ಮಠಗಳೂ ಲೆಕ್ಕ ಬರೆಯುತ್ತಿದ್ದ ಕಡತವಂತೂ ಒಂದೇ ಉದ್ದನೆಯ ಬಟ್ಟೆ. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಲ್ಲಿ ಪುಟವೆಂದರೆ ಒಂದು ಮಡಿಕೆ. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು.

ಪುಟವನ್ನು ಮೊದಲೇ ಲೆಕ್ಕ ಹಾಕಬೇಕಾದ ಕಷ್ಟ ಬಂದದ್ದು ಅಚ್ಚಿನ ಜೊತೆಗೆ. ಗುಟೆನ್‌ಬರ್ಗ್ 1455ರ ಸುಮಾರಿಗೆ ಮುಗಿಸಿದ ಬೈಬಲ್ಲಿಗೆ '42 ಸಾಲಿನ ಬೈಬಲ್' ಎಂದು ಹೆಸರು. ಆದರೆ ಅದರ ಶುರುವಿನ ಪುಟಗಳಲ್ಲಿ ಇರುವುದು 40 ಸಾಲು. ಆಮೇಲೆ ಒಂದು ಕಡೆ 41 ಆಗಿ, ಕೊನೆಗೆ 42ಕ್ಕೆ ನಿಲ್ಲುತ್ತದೆ. ಪುಟದ ಅಳತೆ ಬದಲಾಗಿಲ್ಲ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ್ದಾರೆ. ಕಾಗದ ಮತ್ತು ಚರ್ಮದ ಹಾಳೆ ಎಷ್ಟು ಬೇಕಾದೀತೆಂದು ನಡುವೆ ಲೆಕ್ಕ ಹಾಕಿದ ಮೇಲೆ ಕೈ ಬಿಗಿ ಮಾಡಿದಂತೆ ಕಾಣುತ್ತದೆ. ಇಂದು ಅರ್ಜಿಯನ್ನು ಒಂದೇ ಪುಟದಲ್ಲಿ ಮುಗಿಸಲು ಸಾಲುಗಳ ನಡುವಿನ ಅಂತರವನ್ನು 1.5ರಿಂದ 1.15ಕ್ಕೆ ಇಳಿಸುವವರು ಮಾಡುವುದೂ ಇದನ್ನೇ.

ಫಸ್ಟ್ ಫೋಲಿಯೊದವರ ಕಷ್ಟ ಇನ್ನೂ ವಿಚಿತ್ರ. ಮೂರು ದೊಡ್ಡ ಹಾಳೆಗಳನ್ನು ಒಂದರೊಳಗೊಂದು ಮಡಿಸಿದರೆ 12 ಪುಟ. ಹಾಳೆಯ ಒಂದು ಬದಿಯಲ್ಲಿ ಎರಡು ಪುಟ ಒಟ್ಟಿಗೆ ಅಚ್ಚಾಗಬೇಕು, ಮತ್ತು ತೀರ ಒಳಗಿನ ಹಾಳೆಯಲ್ಲಿ ಅಕ್ಕಪಕ್ಕ ಬರುವುದು 6 ಮತ್ತು 7ನೇ ಪುಟ. ಆದ್ದರಿಂದ ಮೊಳೆ ಜೋಡಿಸುವವರು ಆರಂಭಿಸುತ್ತಿದ್ದುದೇ ನಡುವಿನಿಂದ: ಮೊದಲು 6 ಮತ್ತು 7, ಆಮೇಲೆ 5 ಮತ್ತು 8, ಹೀಗೆ. ಹಾಗಾದರೆ ಒಂದರಿಂದ ಐದರವರೆಗಿನ ಪುಟಗಳಲ್ಲಿ ಎಷ್ಟು ಮಾತು ಹಿಡಿಸುತ್ತದೆಂದು ಮೊದಲೇ ಅಂದಾಜು ಮಾಡಿ ಹಸ್ತಪ್ರತಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಅಂದಾಜು ತಪ್ಪಿದರೆ? ಜಾಗ ಹೆಚ್ಚಾದರೆ ಒಂದು ಪದ್ಯದ ಸಾಲನ್ನು ಎರಡಾಗಿ ಸೀಳುತ್ತಿದ್ದರು. ಕಡಿಮೆಯಾದರೆ ಪದ್ಯವನ್ನೇ ಗದ್ಯದಂತೆ ಒತ್ತರಿಸಿ ಕೂರಿಸುತ್ತಿದ್ದರು. ಶೇಕ್ಸ್‌ಪಿಯರನ ಛಂದಸ್ಸಿನ ಬಗ್ಗೆ ತಲೆಕೆಡಿಸಿಕೊಂಡ ಪಂಡಿತರಲ್ಲಿ ಕೆಲವರಾದರೂ ಕವಿಯನ್ನು ಬಿಟ್ಟು ಮೊಳೆ ಜೋಡಿಸಿದವನನ್ನು ವಿಚಾರಿಸಬೇಕಿತ್ತು.

ಮಡಿಸಿದ ಹಾಳೆಯ ಈ ಲೆಕ್ಕ ಇವತ್ತಿಗೂ ಮುಗಿದಿಲ್ಲ. ಕನ್ನಡದ ಅಚ್ಚುಕೂಟಗಳು ಅದನ್ನು ಫಾರಂ ಎನ್ನುತ್ತವೆ. ಡೆಮಿ ಅಷ್ಟಮ ಅಳತೆಯ ಪುಸ್ತಕದಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. ಹತ್ತು ಫಾರಂ ಅಂದರೆ 160 ಪುಟ. ಬರಹ 157 ಪುಟಕ್ಕೆ ಮುಗಿದರೆ ಮೂರು ಪುಟ ಉಳಿಯುತ್ತದೆ. ಅಲ್ಲಿ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿಯೋ, ಲೇಖಕರ ಪರಿಚಯವೋ ಬರುತ್ತದೆ. ಏನೂ ಸಿಗದಿದ್ದರೆ ಬರೀ ಬಿಳಿ. ಪುಸ್ತಕದ ಮುಂಭಾಗದ ಕತೆಯೂ ಅಷ್ಟೇ. ಅಚ್ಚಾದ ಹಾಳೆಗಳು ಹೊಲಿಯದೆ ರಟ್ಟು ಕಟ್ಟದೆ ಅಂಗಡಿಗೆ ಹೋಗುತ್ತಿದ್ದ ಕಾಲದಲ್ಲಿ, ಮೇಲಿನ ಪುಟ ಕೊಳೆಯಾಗದಿರಲಿ ಎಂದು ಮೊದಲ ಹಾಳೆಯನ್ನು ಖಾಲಿ ಬಿಡುತ್ತಿದ್ದರು. ಯಾವ ಪುಸ್ತಕವೆಂದು ಗುರುತು ಸಿಗಲು ಅದರ ಮೇಲೆ ಚಿಕ್ಕದಾಗಿ ಹೆಸರು ಹಾಕಲಾರಂಭಿಸಿದರು. ಈಗ ಕೊಳೆಯಿಂದ ರಕ್ಷಿಸಬೇಕಾಗಿಲ್ಲ, ಆದರೆ ಎಷ್ಟೋ ಕನ್ನಡ ಪುಸ್ತಕಗಳನ್ನು ತೆರೆದರೆ ಮೊದಲು ಸಿಗುವುದು ಬರೀ ಹೆಸರಷ್ಟೇ ಇರುವ ಆ ಪುಟ. ಆಮೇಲೆ ಪೂರಾ ಶೀರ್ಷಿಕೆ, ಅದರ ಬೆನ್ನಿಗೆ ಕಾಗದದ ತೂಕ, ಪ್ರತಿಗಳ ಸಂಖ್ಯೆ, ಬೆಲೆಗಳ ವಿವರ, ಬಲಪುಟದಲ್ಲಿ ಅರ್ಪಣೆ, ಅದರ ಬೆನ್ನು ಖಾಲಿ. ಹೊಸ ಅಧ್ಯಾಯ ಬಲಪುಟದಲ್ಲೇ ಆರಂಭವಾಗಬೇಕೆಂಬ ರೂಢಿಯೂ ಸೇರಿದರೆ ಎಡಪುಟಗಳಲ್ಲಿ ಇನ್ನಷ್ಟು ಬಿಳಿ.

ಖಾಲಿ ಪುಟವನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ. ಲಾರೆನ್ಸ್ ಸ್ಟರ್ನ್ ತನ್ನ 'ಟ್ರಿಸ್ಟ್ರಮ್ ಶ್ಯಾಂಡಿ' ಕಾದಂಬರಿಯ ಮೊದಲ ಸಂಪುಟದಲ್ಲಿ ಪಾತ್ರವೊಂದು ಸತ್ತಾಗ ಪುಟವನ್ನೇ ಕಪ್ಪು ಬಳಿದ. ಆರನೇ ಸಂಪುಟದಲ್ಲಿ ನಾಯಕಿಯೊಬ್ಬಳ ಚಿತ್ರವನ್ನು ಓದುಗರೇ ಮನಸ್ಸಿಗೆ ಬಂದಂತೆ ಬರೆದುಕೊಳ್ಳಲಿ ಎಂದು ಪುಟವೊಂದನ್ನು ಬಿಳಿಯಾಗಿ ಬಿಟ್ಟ. ತುರ್ತುಪರಿಸ್ಥಿತಿ ಹೇರಿದ ಮೂರನೇ ದಿನ, 1975ರ ಜೂನ್ 28ರಂದು, 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚಾಯಿತು. ಬರೆದದ್ದಕ್ಕಿಂತ ಬರೆಯದ್ದೇ ಹೆಚ್ಚು ಜನರಿಗೆ ತಲುಪಿದ ಅಪರೂಪದ ಪ್ರಸಂಗ ಅದು.

ಕನ್ನಡದ ಅಚ್ಚಿನಲ್ಲಿ ಪುಟ ಕಟ್ಟುವ ಕೆಲಸಕ್ಕೆ ತನ್ನದೇ ಕಷ್ಟಗಳಿದ್ದವು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಅಚ್ಚಾದ ಪಾಕ್ಷಿಕ. ಕಲ್ಲಚ್ಚಿನಲ್ಲಿ ಮೊಳೆಗಳಿಲ್ಲ, ಕೈಬರಹವೇ ಕಲ್ಲಿನ ಮೇಲಿಳಿದು ಪುಟವಾಗುತ್ತದೆ. ಕೊನೆಯಲ್ಲಿ ಜಾಗ ಸಾಲದಿದ್ದರೆ ಬರೆಯುವವನು ಅಕ್ಷರ ಸಣ್ಣ ಮಾಡುತ್ತಾನೆ. ಮರುವರ್ಷ ಪತ್ರಿಕೆ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಮೊಳೆಯಲ್ಲಿ ಆ ಸಲಿಗೆ ಇಲ್ಲ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲಿಗೂ ಸಾಲಿಗೂ ನಡುವೆ ಆ ಎರಡಕ್ಕೂ ಎಡೆ ಬೇಕು. ಹಾಗಾಗಿ ಅದೇ ಅಳತೆಯ ಹಾಳೆಯಲ್ಲಿ ಇಂಗ್ಲಿಷಿಗಿಂತ ಕನ್ನಡದ ಸಾಲುಗಳು ಕಡಿಮೆ, ಪುಟಗಳು ಹೆಚ್ಚು.

ಮೊಳೆ ಜೋಡಿಸಿದ ಸಾಲುಗಳು ಮೊದಲು ಗ್ಯಾಲಿ ಎಂಬ ತಟ್ಟೆಯಲ್ಲಿ ಉದ್ದಕ್ಕೆ ಕೂರುತ್ತಿದ್ದವು. ಅದರಿಂದ ಕರಡಚ್ಚು ತೆಗೆದು, ತಿದ್ದಿ, ಆಮೇಲೆ ಪುಟಕ್ಕೆ ಬೇಕಾದಷ್ಟು ಸಾಲು ಎಣಿಸಿ ಬೇರ್ಪಡಿಸಿ, ಸುತ್ತ ದಾರ ಬಿಗಿದರೆ ಒಂದು ಪುಟ. ಇಲ್ಲಿ ಪುಟ ಮುರಿಯುವುದು ಕೈಯ ಕೆಲಸ, ಕಣ್ಣಿನ ತೀರ್ಮಾನ. ಕಂಡಿಕೆಯ ಕೊನೆಯ ಒಂದೇ ಸಾಲು ಹಾರಿ ಮುಂದಿನ ಪುಟದ ತಲೆಯ ಮೇಲೆ ಕೂತರೆ ನೋಟ ಕೆಡುತ್ತದೆ. ಶೀರ್ಷಿಕೆಯೊಂದೇ ಪುಟದ ತಳದಲ್ಲಿ ಉಳಿದು ಅದರ ಮಾತು ಆಚೆ ಪುಟಕ್ಕೆ ಹೋದರೂ ಕೆಡುತ್ತದೆ. ಆಗ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಸೇರಿಸಿಯೋ ತೆಗೆದೋ ಸರಿ ಮಾಡುತ್ತಿದ್ದರು. ಅದೂ ಆಗದಿದ್ದರೆ ಪದವೊಂದನ್ನು ಕತ್ತರಿಸುವಂತೆ ಲೇಖಕರನ್ನೇ ಕೇಳಬೇಕಿತ್ತು.

ಟೈಪ್‌ರೈಟರಿನ ಕಾಲ ಬಂದಾಗ ಈ ತಿಳಿವಳಿಕೆ ಅರ್ಧ ಉಳಿದು ಅರ್ಧ ಹೋಯಿತು. ಟೈಪಿಸ್ಟ್ ಹಾಳೆಯ ತಳದಿಂದ ಒಂದಂಗುಲ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಂಡು, ಅದು ಕಂಡೊಡನೆ ಹಾಳೆ ಬದಲಿಸುತ್ತಿದ್ದರು. ಜಾಗ ಬಿಡಬೇಕಾದಲ್ಲಿ ರೋಲರನ್ನು ನಾಲ್ಕೈದು ಸಲ ತಿರುಗಿಸುತ್ತಿದ್ದರು. ಈ ಅಭ್ಯಾಸವೇ ಮುಂದೆ ಕಂಪ್ಯೂಟರಿಗೆ ವಲಸೆ ಬಂದು ಅನಾಹುತಕ್ಕೆ ಕಾರಣವಾದದ್ದು. ಹೊಸ ಪುಟ ಬೇಕೆಂದರೆ ಪರದೆಯಲ್ಲಿ ಹೊಸ ಪುಟ ಕಾಣುವ ತನಕ ಎಂಟರ್ ಕೀಲಿ ಒತ್ತುವವರು, ತಿಳಿದೋ ತಿಳಿಯದೆಯೋ, ಆ ರೋಲರನ್ನೇ ತಿರುಗಿಸುತ್ತಿದ್ದಾರೆ.

ಯಂತ್ರಕ್ಕೆ 'ಇಲ್ಲಿಗೆ ಪುಟ ಮುಗಿಯಿತು' ಎಂದು ಹೇಳುವ ಮೊದಲ ವ್ಯವಸ್ಥೆಗಳನ್ನು ಈಗ ನೋಡಿದರೆ ಆಟಿಕೆಯಂತೆ ಕಾಣುತ್ತವೆ. ಐಬಿಎಂನ 1403 ಪ್ರಿಂಟರ್ 1959ರದ್ದು. ಅದಕ್ಕೆ ಹಾಕುತ್ತಿದ್ದುದು ಬಿಡಿ ಹಾಳೆಯಲ್ಲ, ಮಡಿಕೆ ಮಡಿಕೆಯಾಗಿ ಬರುವ ಉದ್ದನೆಯ ಕಾಗದ, ಅಂಚಿನಲ್ಲಿ ತೂತುಗಳು. ಮಡಿಕೆ ಎಲ್ಲಿದೆಯೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಒಳಗೆ ಪುಟದಷ್ಟೇ ಉದ್ದದ ಸಣ್ಣ ಪಟ್ಟಿಯೊಂದನ್ನು ಬಳೆಯಂತೆ ಅಂಟಿಸಿ ತಿರುಗಲು ಬಿಡುತ್ತಿದ್ದರು. ಅದರ ಒಂದನೇ ಸಾಲಿನಲ್ಲಿ ಒಂದು ತೂತು. ತೂತು ಬಂದಿತೆಂದರೆ ಪುಟದ ತಲೆ ಬಂದಿತೆಂದು ಲೆಕ್ಕ. ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಪ್ರತಿ ಸಾಲಿನ ಮೊದಲ ಅಕ್ಷರವನ್ನು ಈ ಯಂತ್ರಕ್ಕೆಂದೇ ಮೀಸಲಿಟ್ಟಿದ್ದರು: ಅಲ್ಲಿ 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು ಅಚ್ಚು. ತಪ್ಪಿ ಲೆಕ್ಕದ ಉತ್ತರವೇ 1ರಿಂದ ಶುರುವಾಗಿ ಆ ಜಾಗಕ್ಕೆ ಬಂದರೆ ಮುಗಿಯಿತು, ಸಾಲಿಗೊಂದು ಪುಟ ಹಾರಿ ಕಾಗದದ ಕಂತೆ ನೆಲಕ್ಕೆ ಬೀಳುತ್ತಿತ್ತು.

1963ರಲ್ಲಿ ಆಸ್ಕಿ ಸಂಕೇತಾವಳಿ ಬಂದಾಗ 'ಹೊಸ ಪುಟಕ್ಕೆ ಹೋಗು' ಎಂಬ ಆಜ್ಞೆಗೂ ಒಂದು ಸಂಖ್ಯೆ ಸಿಕ್ಕಿತು: 12. ಅದರ ಹೆಸರು ಫಾರ್ಮ್ ಫೀಡ್. ಅಮೆರಿಕದ ಹಾಳೆ 11 ಅಂಗುಲ, ಅಂಗುಲಕ್ಕೆ 6 ಸಾಲು, ಒಟ್ಟು 66 ಸಾಲು. ಖಾಲಿ ಪುಟದ ಹುಟ್ಟು ಇಲ್ಲೇ ಇದೆ. ಬರಹ ಸರಿಯಾಗಿ 66ನೇ ಸಾಲಿಗೆ ಮುಗಿದು ಯಂತ್ರ ತಾನಾಗಿಯೇ ಮುಂದಿನ ಹಾಳೆಯ ತಲೆಗೆ ಹೋಗಿ ನಿಂತಿದೆ ಎನ್ನಿ. ಅಷ್ಟರಲ್ಲಿ 12ನೇ ಸಂಕೇತ ಬರುತ್ತದೆ. ಯಂತ್ರ ವಿಧೇಯತೆಯಿಂದ ಇನ್ನೊಂದು ಹಾಳೆ ದಾಟಿಸುತ್ತದೆ. ನಡುವೆ ಒಂದು ಬಿಳಿ ಹಾಳೆ. 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಬಂದಾಗ ತೊಂದರೆ ಇನ್ನೊಂದು ದಿಕ್ಕಿನಿಂದ ಬಂತು. ಹಾಳೆಯ ಅಂಚಿನವರೆಗೆ ಅಚ್ಚಿಸಲು ಅದಕ್ಕೆ ಆಗುತ್ತಿರಲಿಲ್ಲ, ಪುಟಕ್ಕೆ 60 ಸಾಲಷ್ಟೇ. 66 ಸಾಲಿನ ಹಳೆಯ ಕಡತ ಕಳಿಸಿದರೆ ಮಿಕ್ಕ ಆರು ಸಾಲು ಮುಂದಿನ ಹಾಳೆಗೆ ಹೋಗಿ, ಆಮೇಲೆ ಫಾರ್ಮ್ ಫೀಡ್ ಬಂದು, ಒಂದು ತುಂಬಿದ ಹಾಳೆಗೆ ಒಂದು ಬಹುಪಾಲು ಖಾಲಿ ಹಾಳೆ ಗಂಟು ಬೀಳುತ್ತಿತ್ತು.

1970ರ ದಶಕದ ಕೊನೆಗೆ ಬಂದ ವರ್ಡ್‌ಸ್ಟಾರ್ ಭಾರತದ ಕಚೇರಿಗಳಲ್ಲೂ ವರ್ಷಗಟ್ಟಲೆ ಆಳಿತು. ಸೀಮೋರ್ ರೂಬಿನ್‌ಸ್ಟೀನ್ ಕಟ್ಟಿದ ಕಂಪನಿ, ರಾಬ್ ಬಾರ್ನಬಿ ಬರೆದ ಪ್ರೋಗ್ರಾಂ. ಅದರಲ್ಲಿ ಆಜ್ಞೆಗಳೆಲ್ಲ ಬರಹದ ನಡುವೆಯೇ ಕಣ್ಣಿಗೆ ಕಾಣುತ್ತಿದ್ದವು. ಸಾಲಿನ ಶುರುವಿಗೆ ಒಂದು ಚುಕ್ಕಿ ಇಟ್ಟು 'ಪಿಎ' ಎಂದು ಬರೆದರೆ ಅಲ್ಲಿಗೆ ಪುಟ ಮುರಿಯುತ್ತಿತ್ತು. ಚುಕ್ಕಿ ಇಟ್ಟು 'ಸಿಪಿ 8' ಎಂದರೆ, ಪುಟದಲ್ಲಿ ಎಂಟು ಸಾಲಿಗಿಂತ ಕಡಿಮೆ ಉಳಿದಿದ್ದರೆ ಮಾತ್ರ ಮುರಿ ಎಂದರ್ಥ. ಶೀರ್ಷಿಕೆ ತಳದಲ್ಲಿ ಒಂಟಿಯಾಗದಂತೆ ಅಚ್ಚುಕೂಟದವರು ಕಣ್ಣಳತೆಯಲ್ಲಿ ಮಾಡುತ್ತಿದ್ದುದನ್ನು ಇದು ಒಂದು ಸಾಲಿನಲ್ಲಿ ಮಾಡಿತು. ಪುಟ ಮುಗಿದ ಕಡೆ ಪರದೆಯುದ್ದಕ್ಕೂ ಅಡ್ಡಗೆರೆಗಳ ಸಾಲು, ಬಲತುದಿಯಲ್ಲಿ 'ಪಿ' ಅಕ್ಷರ. ಚಂದವಿರಲಿಲ್ಲ. ಆದರೆ ಪುಟ ಯಾಕೆ ಅಲ್ಲಿ ಮುರಿಯಿತೆಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಚಂದ ಬಂದದ್ದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಿಂದ. 1973ರಲ್ಲಿ ಅಲ್ಲಿ ಕಟ್ಟಿದ ಆಲ್ಟೊ ಕಂಪ್ಯೂಟರಿನ ಪರದೆ ಅಗಲಕ್ಕಿಂತ ಎತ್ತರ ಹೆಚ್ಚು: 606 ಚುಕ್ಕಿ ಅಗಲ, 808 ಚುಕ್ಕಿ ಎತ್ತರ. ಹಾಳೆಯ ಆಕಾರವೇ. ಅದರ ಮೇಲೆ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ 'ಬ್ರಾವೊ' ಎಂಬ ಬರವಣಿಗೆಯ ಪ್ರೋಗ್ರಾಂ ಮಾಡಿದರು. ಅಚ್ಚಿನಲ್ಲಿ ಹೇಗೆ ಬರುತ್ತದೋ ಪರದೆಯಲ್ಲೂ ಹಾಗೇ ಕಾಣಬೇಕೆಂಬ ಆಸೆ ಅಲ್ಲಿ ಕೈಗೂಡಿತು. ಸಿಮೋನಿ ಮುಂದೆ ಮೈಕ್ರೋಸಾಫ್ಟ್ ಸೇರಿ ರಿಚರ್ಡ್ ಬ್ರೋಡಿ ಜೊತೆ ಮಾಡಿದ ಪ್ರೋಗ್ರಾಂ 1983ರಲ್ಲಿ 'ಮಲ್ಟಿ-ಟೂಲ್ ವರ್ಡ್' ಎಂಬ ಹೆಸರಿನಲ್ಲಿ ಬಂತು. ಅದೇ ಇಂದಿನ ವರ್ಡ್. ಎರಡು ವರ್ಷ ಬಿಟ್ಟು ಬಂದ ಪೇಜ್‌ಮೇಕರ್, ಗ್ಯಾಲಿಯ ಸಾಲುಗಳನ್ನು ಕತ್ತರಿಸಿ ಅಂಟಿಸುವ ಕೆಲಸವನ್ನು ಪರದೆಗೆ ತಂದಿತು. ಅದನ್ನು ಮಾಡಿದ ಕಂಪನಿಯ ಹೆಸರು ಆಲ್ಡಸ್; ವೆನಿಸ್ಸಿನ ಹಳೆಯ ಮುದ್ರಕ ಆಲ್ಡಸ್ ಮನುಟಿಯಸನ ನೆನಪಿಗೆ. ಕನ್ನಡದ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಎಷ್ಟು ಬೇರೂರಿತ್ತೆಂದರೆ ಅದರ ಮಾರಾಟ ನಿಂತ ಮೇಲೂ ಹಳೆಯ ಕಂಪ್ಯೂಟರನ್ನು ಅದಕ್ಕೆಂದೇ ಕಾಪಾಡಿಕೊಂಡವರಿದ್ದರು.

ಇದೇ ಕಾಲದಲ್ಲಿ ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕನೂತ್ ಬೇರೆ ದಾರಿ ಹಿಡಿದಿದ್ದರು. 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚಿನ ಅಕ್ಷರಗಳನ್ನು ಕಂಡು ಬೇಸರಗೊಂಡು, ಅಚ್ಚುಜೋಡಣೆಗೆ ತಾವೇ ಒಂದು ಪ್ರೋಗ್ರಾಂ ಬರೆಯತೊಡಗಿದರು. ಅದು 'ಟೆಕ್'. ಕಂಡಿಕೆಯ ಒಂಟಿ ಸಾಲು ಪುಟದ ತಲೆಯಲ್ಲೋ ತಳದಲ್ಲೋ ಉಳಿದರೆ ಟೆಕ್ ಅದಕ್ಕೆ ದಂಡ ಹಾಕುತ್ತದೆ, ಮೂಲ ಲೆಕ್ಕದಲ್ಲಿ 150 ಅಂಕ. ಕಂಡಿಕೆಯೊಳಗೆ ಸಾಲು ಮುರಿಯುವಾಗ ಅದು ಇಡೀ ಕಂಡಿಕೆಯನ್ನು ತೂಗಿ ನೋಡುತ್ತದೆ. ಪುಟ ಮುರಿಯುವಾಗ ಮಾತ್ರ ಆಯಾ ಪುಟಕ್ಕೆ ತೋಚಿದಂತೆ ತೀರ್ಮಾನಿಸುತ್ತದೆ. ಅಂದಿನ ಕಂಪ್ಯೂಟರುಗಳಿಗೆ ಹಲವು ಪುಟಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವ ತ್ರಾಣ ಇರಲಿಲ್ಲ. ಅವರ ಶಿಷ್ಯ ಮೈಕೆಲ್ ಪ್ಲಾಸ್ 1981ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಈ ಪುಟ ಮುರಿಯುವ ಕೆಲಸವನ್ನೇ ಹಿಡಿದರು. ಚಿತ್ರಗಳೂ ಅವುಗಳ ಬಗ್ಗೆ ಹೇಳುವ ಮಾತೂ ಆದಷ್ಟು ಹತ್ತಿರ ಬರುವಂತೆ ಪುಟ ಹಂಚುವುದು, ಕೆಲವು ಅಳತೆಗಳಲ್ಲಿ, ಗಣಕವಿಜ್ಞಾನದ ಅತಿ ಕಠಿಣ ಲೆಕ್ಕಗಳ ಸಾಲಿಗೆ ಸೇರುತ್ತದೆಂದು ತೋರಿಸಿದರು. ವರ್ಡಿನಲ್ಲಿ ಒಂದು ಫೋಟೊ ಸೇರಿಸಿದ ಕೂಡಲೇ ಅರ್ಧ ಪುಟ ಖಾಲಿಯಾಗಿ ಉಳಿದವೆಲ್ಲ ಮುಂದೆ ಹಾರಿದಾಗ ಕಂಪ್ಯೂಟರನ್ನು ಬೈಯುವವರು ಇದನ್ನು ನೆನೆದರೆ ಸ್ವಲ್ಪ ಸಮಾಧಾನವಾದೀತು.

ಚಂದದ ಪರದೆ ಬಂದ ಮೇಲೆ ಆಜ್ಞೆಗಳು ಮರೆಯಾದವು. ವರ್ಡಿನ ಖಾಲಿ ಪುಟದ ಗುಟ್ಟೆಲ್ಲ ಇರುವುದು ಇಲ್ಲಿ. ಹೋಮ್ ಪಟ್ಟಿಯಲ್ಲಿ ತಿರುಗಿಸಿಟ್ಟ 'ಪಿ' ಅಕ್ಷರದಂಥ ಗುಂಡಿಯೊಂದಿದೆ; ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದರೂ ಆಗುತ್ತದೆ. ಅಡಗಿದ ಗುರುತುಗಳು ಆಗ ಹೊರಬರುತ್ತವೆ. ಪುಟದ ತುಂಬ ಅದೇ ತಿರುಗಿದ 'ಪಿ' ಸಾಲಾಗಿ ಕೂತಿದ್ದರೆ ಅದು ಎಂಟರ್ ಒತ್ತಿದವರ ಕೈಚಳಕ. ಚುಕ್ಕಿಗೆರೆಯ ನಡುವೆ 'ಪೇಜ್ ಬ್ರೇಕ್' ಎಂದಿದ್ದರೆ ಯಾರೋ ಕಂಟ್ರೋಲ್ ಜೊತೆ ಎಂಟರ್ ಒತ್ತಿದ್ದಾರೆ; ಬರಹ ಆಗಲೇ ಪುಟದ ತಳ ಮುಟ್ಟಿದ್ದರಿಂದ ಆ ಗುರುತೇ ಮುಂದಿನ ಪುಟಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಪುಟ ಮುರಿದಿದೆ. 66ನೇ ಸಾಲಿನ ಫಾರ್ಮ್ ಫೀಡ್ ಮಾಡುತ್ತಿದ್ದ ಕೆಲಸವೇ ಇದು.

ಎಲ್ಲಕ್ಕಿಂತ ಹಟಮಾರಿ ಎಂದರೆ ಕೊನೆಯಲ್ಲಿ ಕೋಷ್ಟಕ ಇರುವ ಕಡತ. ವರ್ಡಿನ ಕಟ್ಟೋಣದಲ್ಲಿ ಕಂಡಿಕೆಯ ರೂಪವಿನ್ಯಾಸವೆಲ್ಲ ಅದರ ಕೊನೆಯ ಗುರುತಿನಲ್ಲಿ ಅಡಗಿರುತ್ತದೆ. ಕಡತದ ಕೊನೆಯ ಗುರುತಿನಲ್ಲಿ ಕಡೆಯ ವಿಭಾಗದ ಅಂಚು, ಹಾಳೆಯ ಅಳತೆ ಮುಂತಾದ ವಿವರಗಳೂ ಇರುತ್ತವೆ. ಹಾಗಾಗಿ ಕೋಷ್ಟಕದ ಆಚೆ ಒಂದು ಖಾಲಿ ಕಂಡಿಕೆ ಇರಲೇಬೇಕು. ಅಳಿಸಲು ಬರುವುದಿಲ್ಲ. ಸಂಬಳಪಟ್ಟಿ, ಅಂಕಪಟ್ಟಿಯಂಥ ಕೋಷ್ಟಕ ಪುಟವನ್ನು ಪೂರಾ ತುಂಬಿದರೆ ಆ ಒಂದು ಗುರುತಿಗಾಗಿ ಇಡೀ ಪುಟ ಹುಟ್ಟುತ್ತದೆ. ಆ ಗುರುತನ್ನೇ ಆರಿಸಿ ಅಕ್ಷರದ ಅಳತೆಯನ್ನು 1 ಎಂದು ಕೊಟ್ಟು, ಹಿಂದುಮುಂದಿನ ಅಂತರವನ್ನು ಸೊನ್ನೆ ಮಾಡಿದರೆ ಅದು ಕೋಷ್ಟಕದ ಕೆಳಗೇ ಮುದುಡಿ ಕೂರುತ್ತದೆ. ಕಚೇರಿಗಳಲ್ಲಿ ಬಲ್ಲವರು ಒಬ್ಬರಿಂದ ಒಬ್ಬರಿಗೆ ಹೇಳಿಕೊಡುವ ಉಪಾಯ ಇದು.

ಇನ್ನೊಂದು ಖಾಲಿ ಪುಟ ಪರದೆಯಲ್ಲಿ ಕಾಣುವುದೇ ಇಲ್ಲ. ಅಧ್ಯಾಯ ಬೆಸ ಸಂಖ್ಯೆಯ ಪುಟದಲ್ಲೇ ಶುರುವಾಗಲಿ ಎಂದು 'ಆಡ್ ಪೇಜ್' ವಿಭಾಗ ಹಾಕಿದರೆ, 7ನೇ ಪುಟದ ನಂತರ ಪರದೆಯಲ್ಲಿ ನೇರ 9 ಬರುತ್ತದೆ. ಅಚ್ಚಿಗೆ ಕಳಿಸಿದಾಗ ನಡುವೆ 8ರ ಬಿಳಿ ಹಾಳೆ ಹೊರಬೀಳುತ್ತದೆ. ಬಲಪುಟದ ರೂಢಿಯನ್ನು ಯಂತ್ರ ನಮಗೆ ಹೇಳದೆಯೇ ಪಾಲಿಸುತ್ತಿದೆ. ಲಿಬ್ರೆಆಫೀಸಿನವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು: ಹೀಗೆ ತಾನಾಗಿ ಸೇರಿದ ಖಾಲಿ ಪುಟಗಳನ್ನು ಅಚ್ಚಿಸಬೇಕೋ ಬೇಡವೋ ಎಂಬುದಕ್ಕೆ ಅಲ್ಲಿ ಬೇರೆಯೇ ಆಯ್ಕೆ ಇಟ್ಟಿದ್ದಾರೆ.

ಬೇಕೆಂದು ಬಿಟ್ಟ ಖಾಲಿಯನ್ನೂ ಜನ ಅನುಮಾನದಿಂದ ನೋಡುತ್ತಾರೆ. ಅದಕ್ಕೇ ಕಂಪ್ಯೂಟರ್ ಮತ್ತು ವಿಮಾನ ಯಂತ್ರಗಳ ಕೈಪಿಡಿಗಳಲ್ಲಿ, ಪುಟ ಬದಲಿಸುತ್ತಾ ಹೋಗುವ ಬಿಡಿ ಹಾಳೆಯ ಕಂತೆಗಳಲ್ಲಿ, 'ಈ ಪುಟವನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗಿದೆ' ಎಂದು ಅಚ್ಚಿಸುವ ಪದ್ಧತಿ ಬಂತು. ಹಾಗೆ ಬರೆದೊಡನೆ ಆ ಪುಟ ಖಾಲಿಯಾಗಿ ಉಳಿಯಲಿಲ್ಲ ಎಂಬ ತಮಾಷೆಯೂ ಅದರ ಜೊತೆಗೇ ಬಂತು. ಕರ್ನಾಟಕದ ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪುಸ್ತಿಕೆಗಳಲ್ಲಿ ಇನ್ನೂ ಉಪಯುಕ್ತ ಉತ್ತರವಿದೆ: ಉಳಿದ ಪುಟಗಳ ಮೇಲೆ 'ಚಿತ್ತು ಬರಹಕ್ಕಾಗಿ ಸ್ಥಳ' ಎಂದು ಅಚ್ಚಿಸುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೊಂದು ಹೆಚ್ಚಿನ ಕಾಟ, ಫಾಂಟಿನದ್ದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಇದ್ದದ್ದನ್ನು ಯುನಿಕೋಡಿಗೆ ತಂದ ಕೂಡಲೇ ಪುಟಗಳ ಲೆಕ್ಕ ತಲೆಕೆಳಗಾಗುತ್ತದೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಫಾಂಟು ಒತ್ತಕ್ಷರಕ್ಕೆ ಧಾರಾಳವಾಗಿ ಎಡೆ ಬಿಡುತ್ತದೆ; ಮುಂದೆ ಬಂದ ನಿರ್ಮಲ ಫಾಂಟಿನ ಅಳತೆ ಬೇರೆ. ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿ ಕೂತಿದ್ದ ಕಡತವನ್ನು ಆ ಫಾಂಟು ಇಲ್ಲದ ಇನ್ನೊಂದರಲ್ಲಿ ತೆರೆದರೆ ಸಾಲುಗಳು ಹಿಗ್ಗಿ, ಎಂಟರ್ ಒತ್ತಿ ಮುರಿದಿದ್ದ ಪುಟಗಳೆಲ್ಲ ನಡುಬೀದಿಯಲ್ಲಿ ನಿಲ್ಲುತ್ತವೆ. 'ಪೇಜ್ ಬ್ರೇಕ್' ಹಾಕಿ ಮುರಿದವು ಮಾತ್ರ ಫಾಂಟು ಬದಲಾದರೂ ಇದ್ದಲ್ಲೇ ಇರುತ್ತವೆ.

2022ರಲ್ಲಿ ಗೂಗಲ್ ಡಾಕ್ಸ್ ಪುಟವೇ ಇಲ್ಲದ ಬರವಣಿಗೆಯ ಆಯ್ಕೆ ಕೊಟ್ಟಿತು. ಇ-ಪುಸ್ತಕದಲ್ಲಿ ಓದುಗರು ಅಕ್ಷರ ದೊಡ್ಡದು ಮಾಡಿದಂತೆಲ್ಲ ಪುಟ ಬದಲಾಗುತ್ತದೆ. ಆದರೆ ಕನ್ನಡದ ಪುಸ್ತಕಗಳು ಈಗಲೂ ಹೆಚ್ಚಾಗಿ ಕಾಗದದ ಮೇಲೇ ಬರುತ್ತಿವೆ, ಫಾರಂ ಲೆಕ್ಕದಲ್ಲೇ ಬರುತ್ತಿವೆ. 160 ಪುಟದ ಪುಸ್ತಕ ಒಂದು ಪುಟ ಹೆಚ್ಚಾಗಿ 161 ಆದರೆ ಅಚ್ಚುಕೂಟದವರು ಹೊಸ ಫಾರಮ್ಮನ್ನೋ, ಕನಿಷ್ಠ ಅದರ ಕಾಲುಭಾಗವನ್ನೋ ಸೇರಿಸಬೇಕು. ಬರೆದದ್ದನ್ನು ಡಿಟಿಪಿಗೆ ಕೊಟ್ಟಾಗ ಅಲ್ಲಿ ಕೂತವರು ಮೊದಲು ಮಾಡುವ ಕೆಲಸ ಲೇಖಕರು ಒತ್ತಿದ ಎಂಟರುಗಳನ್ನು ಹುಡುಕಿ ಕೀಳುವುದು. ಆದ್ದರಿಂದ ಹಸ್ತಪ್ರತಿ ಕಳಿಸುವ ಲೇಖಕರಲ್ಲಿ ಒಂದು ಬಿನ್ನಹ: ಹೊಸ ಅಧ್ಯಾಯಕ್ಕೆ ಕಂಟ್ರೋಲ್ ಜೊತೆ ಎಂಟರನ್ನು ಒಂದೇ ಸಲ ಒತ್ತಿ, ಶೀರ್ಷಿಕೆ ತನ್ನ ಮುಂದಿನ ಕಂಡಿಕೆಯ ಜೊತೆಗೇ ಇರುವಂತೆ 'ಕೀಪ್ ವಿತ್ ನೆಕ್ಸ್ಟ್' ಹಾಕಿ, ಕಳಿಸುವ ಮುಂಚೆ ಆ ತಿರುಗಿದ 'ಪಿ' ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.